ಆಶ್ರಮದಿಂದಲೇ ಒಂದು ಮಗುವನ್ನು ತರಬಾರದಿತ್ತೇ?

ದತ್ತು ಪಡೆದ ಮಗಳು ಮನೆಗೆ ಬಂದು ಎರಡು ವರ್ಷವಾಗುತ್ತಾ ಬಂತು. ಈಗಲೂ ಮದುವೆ ಮನೆಗಳಲ್ಲಿ, ಚರ್ಚಿನಲ್ಲಿ ಭಾನುವಾರದ ಆರಾಧನೆ ಮುಗಿದು ಅಂಗಳದಲ್ಲಿ ಚಹಾ ಕುಡಿಯುವಾಗ, ಯಾರಾದರೊಬ್ಬರು ಪಕ್ಕಕ್ಕೆ ಕರೆದು ಕೇಳುತ್ತಾರೆ: "ನಮ್ಮ ಸಭೆಯವರದೇ ಮಕ್ಕಳ ಆಶ್ರಮ ಇದೆಯಲ್ಲ, ಸಭಾಪಾಲಕರ ಕಿವಿಗೆ ಒಂದು ಮಾತು ಹಾಕಿದ್ದರೆ ಆಗುತ್ತಿತ್ತು. ಮೂರೂವರೆ ವರ್ಷ ಯಾಕೆ ಕಾದಿರಿ?" ಕೇಳುವವರ ಮನಸ್ಸಿನಲ್ಲಿ ಕೇಡಿಲ್ಲ. ಒಂದು ಕಾಲಕ್ಕೆ ನಾನೂ ಹಾಗೆಯೇ ಅಂದುಕೊಂಡಿದ್ದವಳು.

ಆ ಆಶ್ರಮದಲ್ಲಿ ಶನಿವಾರ ಸಂಜೆ ಲೆಕ್ಕ ಹೇಳಿಕೊಡುತ್ತಿದ್ದೆ. ಅಲ್ಲಿನ ಬಹುಪಾಲು ಮಕ್ಕಳಿಗೆ ತಾಯಿಯೋ ಅಜ್ಜಿಯೋ ಇದ್ದಾರೆ ಎಂಬುದು ತಿಳಿದದ್ದೇ ಅಲ್ಲಿ. ಐದನೆಯ ತರಗತಿಯ ಒಬ್ಬ ಹುಡುಗನ ತಾಯಿ ತಿಂಗಳಿಗೊಮ್ಮೆ ಬರುತ್ತಿದ್ದರು. ಗಂಡ ತೀರಿಕೊಂಡ ಮೇಲೆ ಬ್ಯಾಡಗಿಯಲ್ಲಿ ಮೆಣಸಿನಕಾಯಿ ತೊಟ್ಟು ಬಿಡಿಸುವ ಕೂಲಿ ಅವರದು. ಮಗನನ್ನು ಅಂಗೈಯಿಂದ ಮುಟ್ಟುತ್ತಿರಲಿಲ್ಲ. ಮಣಿಕಟ್ಟಿನ ಹಿಂಬದಿಯಿಂದ ಅವನ ಕೆನ್ನೆ ಸವರುತ್ತಿದ್ದರು. "ಎಷ್ಟು ತೊಳೆದರೂ ಖಾರ ಹೋಗುವುದಿಲ್ಲ ಅಕ್ಕಾ, ಕಣ್ಣಿಗೆ ತಾಗಿದರೆ ಉರಿಯುತ್ತದೆ" ಎಂದರು ಒಮ್ಮೆ. ಈ ಮಗುವನ್ನು ನಾನು ಯಾವ ಬಾಯಿಂದ ಕೇಳಲಿ?

ದಾನದ ಪೆಟ್ಟಿಗೆ ತಿರುಗುವಾಗಲೆಲ್ಲ ನಮ್ಮಲ್ಲಿ ಯಾಕೋಬನ ಪತ್ರಿಕೆಯ ಮೊದಲ ಅಧ್ಯಾಯದ ಕೊನೆಯ ವಚನ ಓದುತ್ತಾರೆ. ದಿಕ್ಕಿಲ್ಲದವರನ್ನೂ ವಿಧವೆಯರನ್ನೂ ಅವರ ಸಂಕಟದಲ್ಲಿ ಪರಾಮರಿಸುವುದೇ ನಿಜವಾದ ಭಕ್ತಿ ಎನ್ನುತ್ತದೆ ಅದು. ವಚನ ಇಬ್ಬರನ್ನೂ ಒಂದೇ ಉಸಿರಿನಲ್ಲಿ ಹೇಳಿದೆ. ನಾವೋ ಮಗುವನ್ನು ಆಶ್ರಮಕ್ಕೆ ಸೇರಿಸಿ, ತಾಯಿಯನ್ನು ಪ್ರಾರ್ಥನೆಯ ಪಟ್ಟಿಗೆ ಸೇರಿಸಿ ಸುಮ್ಮನಾಗಿದ್ದೆವು. ಸರ್ಕಾರದ ಮಿಷನ್ ವಾತ್ಸಲ್ಯ ಯೋಜನೆಯಲ್ಲಿ ಇಂಥ ಮಗು ತಾಯಿಯ ಬಳಿಯೇ ಬೆಳೆಯಲೆಂದು ತಿಂಗಳಿಗೆ 4,000 ರೂಪಾಯಿ ಸಿಗುತ್ತದೆ. ಆದಾಯ ಪ್ರಮಾಣಪತ್ರ, ಗಂಡನ ಮರಣ ಪ್ರಮಾಣಪತ್ರ, ಬ್ಯಾಂಕ್ ಪಾಸ್‌ಬುಕ್ ಎಂದು ಮಕ್ಕಳ ರಕ್ಷಣಾ ಘಟಕಕ್ಕೆ ಆರೇಳು ಸಲ ಅಲೆದೆವು. ಮನೆ ಬಾಡಿಗೆಯ ಅರ್ಧವನ್ನು ಸಭೆಯ ಸ್ತ್ರೀಸಂಘ ವಹಿಸಿಕೊಂಡಿತು. ಮುಂದಿನ ಬೇಸಿಗೆ ರಜೆಗೆ ಊರಿಗೆ ಹೋದ ಹುಡುಗ ಮರಳಿ ಬರಲಿಲ್ಲ. ಆಶ್ರಮದ ಲೆಕ್ಕದಲ್ಲಿ ಒಂದು ಮಗು ಕಡಿಮೆಯಾಯಿತು. ನನಗೆ ಅಷ್ಟು ಖುಷಿ ಕೊಟ್ಟ ಕಳೆಯುವ ಲೆಕ್ಕ ಬೇರೆ ಇಲ್ಲ.

ಇನ್ನು ಕಾನೂನು. ತೊರೆದುಹೋದ ಮಗುವಾದರೆ ಮೊದಲು ಹೆತ್ತವರನ್ನು ಹುಡುಕಬೇಕು. ಹೆತ್ತವರೇ ಬಂದು ಒಪ್ಪಿಸಿದ ಮಗುವಾದರೆ, ಅವರಿಗೆ ಮನಸ್ಸು ಬದಲಿಸಲು 60 ದಿನ ಕೊಡಬೇಕು. ಅದೆಲ್ಲ ಮುಗಿದ ಮೇಲೆಯೇ ಮಕ್ಕಳ ಕಲ್ಯಾಣ ಸಮಿತಿ ಆ ಮಗುವನ್ನು ದತ್ತು ಕೊಡಬಹುದು ಎಂದು ಘೋಷಿಸುವುದು. ನಮ್ಮ ಹೆಸರು ಕೇಂದ್ರೀಯ ದತ್ತು ಪ್ರಾಧಿಕಾರದ ಸರದಿಯಲ್ಲಿರುತ್ತದೆ. ಇದನ್ನು ಬಿಟ್ಟು ಕೈಯಿಂದ ಕೈಗೆ ಮಗು ಕೊಟ್ಟವರಿಗೂ ಪಡೆದವರಿಗೂ ಮೂರು ವರ್ಷದವರೆಗೆ ಜೈಲು, ಇಲ್ಲವೆ ಒಂದು ಲಕ್ಷ ರೂಪಾಯಿ ದಂಡ, ಇಲ್ಲವೆ ಎರಡೂ. ಕಿವಿಗೆ ಒಂದು ಮಾತು ಹಾಕಿದ್ದರೆ ನಾನೂ ಸಭಾಪಾಲಕರೂ ಒಟ್ಟಿಗೆ ಕಟಕಟೆ ಹತ್ತಬೇಕಿತ್ತು.

"ಕ್ರೈಸ್ತರಿಗೆ ದತ್ತು ಇಲ್ಲವಲ್ಲ?" ಎನ್ನುವ ಹಿರಿಯರೂ ಇದ್ದಾರೆ. ಅವರ ಕಾಲಕ್ಕೆ ಆ ಮಾತು ನಿಜ. 1956ರ ದತ್ತು ಕಾಯ್ದೆ ಹಿಂದೂ, ಬೌದ್ಧ, ಜೈನ, ಸಿಖ್ಖರಿಗೆ ಮಾತ್ರ. ನಮಗೆ ಇದ್ದದ್ದು 1890ರ ಪೋಷಕರ ಕಾಯ್ದೆ. ಅದರಲ್ಲಿ ನಾವು ಪಾಲಕರು ಮಾತ್ರ, ತಂದೆತಾಯಿಯಲ್ಲ, ಅದೂ ಮಗು ಪ್ರಾಪ್ತ ವಯಸ್ಸಿಗೆ ಬರುವವರೆಗೆ. ನನ್ನ ದೊಡ್ಡಮ್ಮ ಹಾಗೆ ಒಬ್ಬ ಹುಡುಗಿಯನ್ನು ಸಾಕಿದ್ದರು. ಉಯಿಲು ಬರೆಯದೆ ತೀರಿಕೊಂಡಾಗ ಮನೆ ನೆಂಟರ ಪಾಲಾಯಿತು. ಕೊನೆಯ ಮೂರು ವರ್ಷ ದೊಡ್ಡಮ್ಮನ ಮಲಮೂತ್ರ ತೆಗೆದ ಆ ಸಾಕುಮಗಳು ಒಂದು ಟ್ರಂಕು ಹಿಡಿದು ಹೊರಟಳು. ಆ ನೆಂಟರು ಗಾಯನ ಮಂಡಳಿಯಲ್ಲಿ ಅವಳ ಪಕ್ಕದಲ್ಲೇ ನಿಂತು ಹಾಡಿದವರು. ರೋಮಾಪುರದವರಿಗೆ ಬರೆದ ಪತ್ರಿಕೆಯ ಎಂಟನೆಯ ಅಧ್ಯಾಯದಲ್ಲಿ ಪೌಲನು ನಾವು ದೇವರನ್ನು "ಅಪ್ಪಾ" ಎಂದು ಕೂಗುವ ದತ್ತುಮಕ್ಕಳು ಎನ್ನುತ್ತಾನೆ, ಮಕ್ಕಳಾದ ಮೇಲೆ ಬಾಧ್ಯರೂ, ಅಂದರೆ ವಾರಸುದಾರರೂ, ಹೌದು ಎನ್ನುತ್ತಾನೆ. ರೋಮನ್ನರಲ್ಲಿ ದತ್ತುಮಗ ಆಸ್ತಿಗೆ ಹಕ್ಕುದಾರ, ಅದು ಪೌಲನಿಗೆ ಗೊತ್ತಿತ್ತು. ನಮ್ಮವರಿಗೆ ಆ ಭಾಗ ಕಂಠಪಾಠವಾಗಿತ್ತು, ಅಷ್ಟೇ.

ಬಾಲನ್ಯಾಯ ಕಾಯ್ದೆಗೆ 2006ರಲ್ಲಿ ಬಂದ ತಿದ್ದುಪಡಿ ಧರ್ಮದ ಈ ಗೋಡೆಯನ್ನು ಕೆಡವಿತು. 2014ರಲ್ಲಿ ಸುಪ್ರೀಂ ಕೋರ್ಟ್ ಕೂಡ ಈ ಹಕ್ಕು ಯಾವ ಧರ್ಮದವರಿಗೂ ಇದೆ ಎಂದಿತು. ನಮಗೆ ಆದೇಶ ಕೊಟ್ಟದ್ದು ಜಿಲ್ಲಾಧಿಕಾರಿ. ಅದರಲ್ಲಿ ಮಗಳು ಎಂದೇ ಇದೆ.

ಅವಳು ಬಂದ ಮೇಲೆ ಶನಿವಾರದ ಪಾಠಕ್ಕೆ ನನಗೆ ಬಿಡುವಾಗುತ್ತಿಲ್ಲ. ಹಾಗಾಗಿ ಪ್ರಶ್ನೆ ಕೇಳಿದವರಿಗೆ ಇಷ್ಟೆಲ್ಲ ಹೇಳಿ, ಆಶ್ರಮದಲ್ಲಿ ಲೆಕ್ಕ ಹೇಳಿಕೊಡುವವರ ಜಾಗ ಖಾಲಿ ಇದೆ ಎಂದೂ ಸೇರಿಸುತ್ತೇನೆ. ಈವರೆಗೆ ಐದು ಮಂದಿ ಒಪ್ಪಿದ್ದಾರೆ. ಒಬ್ಬರು ಬರುತ್ತಿದ್ದಾರೆ.