ಖುಜಾದಲ್ಲಿ ಗೋಧಿ ಮಾತ್ರ ಯಾಕೆ ಉಳಿದಿತ್ತು

ಉಪಗ್ರಹದಿಂದ ತೆಗೆದ ಎರಡು ಫೋಟೋ ಅಕ್ಕಪಕ್ಕ ಇಟ್ಟುಕೊಂಡು ತುಂಬಾ ಹೊತ್ತು ನೋಡುತ್ತಾ ಕೂತಿದ್ದೆ. ಎರಡೂ ಒಂದೇ ಊರಿನವು. ಗಾಜಾದ ಖಾನ್ ಯೂನಿಸ್‌ನಿಂದ ಪೂರ್ವಕ್ಕೆ, ಇಸ್ರೇಲ್ ಬೇಲಿಗೆ ಅಂಟಿಕೊಂಡ ಹಾಗೆ ಇದ್ದ ಖುಜಾ. ಮೊದಲನೆಯದರಲ್ಲಿ ಮನೆ, ಓಣಿ, ಹಸಿರು ಹೊಲದ ಪಟ್ಟಿಗಳು. 2025ರ ಜೂನ್ ಹೊತ್ತಿನ ಇನ್ನೊಂದರಲ್ಲಿ ಬರೀ ಬೂದು ಬಣ್ಣ. ಓಣಿ ಎಲ್ಲಿತ್ತು, ಹೊಲ ಎಲ್ಲಿಂದ ಶುರುವಾಗುತ್ತಿತ್ತು ಅಂತ ಬೆರಳಿಟ್ಟು ಹುಡುಕಿದೆ. ಸಿಗಲಿಲ್ಲ.

ಯುದ್ಧಕ್ಕೆ ಮುಂಚೆ ಅಲ್ಲಿ ಸುಮಾರು 11,000 ಜನ ಇದ್ದರು. ಮಣ್ಣು ಒಳ್ಳೆಯದು. ಗೋಧಿ, ಟೊಮೆಟೊ, ಆಲಿವ್‌ಗೆ ಹೆಸರಾದ ಊರು.

ಆದರೆ ಏನು ಬೆಳೆಯಬೇಕು ಅನ್ನೋದನ್ನು ಅಲ್ಲಿ ಮಣ್ಣು, ಮಳೆ ಮಾತ್ರ ತೀರ್ಮಾನ ಮಾಡುತ್ತಿರಲಿಲ್ಲ. ಬೇಲಿಯೂ ಮಾಡುತ್ತಿತ್ತು. ಬೇಲಿಯಿಂದ 300 ಮೀಟರ್‌ವರೆಗೆ, ಕೆಲವೊಮ್ಮೆ ಅದಕ್ಕಿಂತ ದೂರವೂ, ಹೊಲಕ್ಕೆ ಕಾಲಿಟ್ಟವರ ಮೇಲೆ ಇಸ್ರೇಲ್ ಸೈನಿಕರ ಗುಂಡು ಹಾರಬಹುದಿತ್ತು. ಕಾವಲು ಗೋಪುರದ ನೋಟಕ್ಕೆ ಅಡ್ಡ ಬರುವ ಮರಗಳನ್ನು ಬುಲ್ಡೋಜರ್ ಬಂದು ಕಿತ್ತು ಹಾಕುತ್ತಿತ್ತು. ಹಣ್ಣಿನ ತೋಟ ಹೋಯಿತು. ಅದರ ಜಾಗಕ್ಕೆ ಗೋಧಿ, ಬಾರ್ಲಿ ಬಂತು, ಯಾಕಂದ್ರೆ ಅವು ಎತ್ತರ ಬೆಳೆಯುವುದಿಲ್ಲ, ಮಳೆ ನೀರಲ್ಲೇ ಬರುತ್ತವೆ, ದಿನಾ ಹೋಗಿ ನೋಡಿಕೊಳ್ಳಬೇಕಾಗಿಲ್ಲ. ರೈತನಿಗೆ ತನ್ನ ಹೊಲಕ್ಕೆ ಹೋಗುವ ದಿನಗಳನ್ನೇ ಲೆಕ್ಕ ಹಾಕಿ ಬೆಳೆ ಆರಿಸುವ ಸ್ಥಿತಿ ಬರುತ್ತೆ ಅಂದ್ರೆ ಏನು ಹೇಳೋದು.

ಅದರ ಮೇಲೆ 2014ರಿಂದ ಇಸ್ರೇಲ್ ಕಡೆಯಿಂದ ಬೇಲಿಯುದ್ದಕ್ಕೂ ವಿಮಾನದಲ್ಲಿ ಕಳೆನಾಶಕ ಹೊಡೆಯುವುದು ಶುರುವಾಯಿತು. ಗಾಳಿ ಗಾಜಾ ಕಡೆ ಬೀಸಿದರೆ ಈಚೆ ಇರುವ ಪಾಲಕ್, ಗೋಧಿ ಎಲ್ಲ ಸುಟ್ಟು ಹೋಗುತ್ತಿತ್ತು. ಅದೇ ವರ್ಷ ಜುಲೈ ಯುದ್ಧದಲ್ಲಿ ಊರಿನ ಎಷ್ಟೋ ಮನೆಗಳು ನೆಲಸಮವಾದವು. ಜನ ವಾಪಸ್ ಬಂದು ಮತ್ತೆ ಬಿತ್ತಿದರು.

ಆ ಭಾಗದಲ್ಲಿ ಏಪ್ರಿಲ್ ಹೊತ್ತಿಗೆ ಗೋಧಿ ತೆನೆ ಇನ್ನೂ ಹಸಿರಿರುವಾಗಲೇ ಕೊಯ್ದು, ಬೆಂಕಿಯಲ್ಲಿ ಸುಟ್ಟು, ಹೊಟ್ಟು ಉದುರಿಸಿ ಕಾಳು ತೆಗೆಯುತ್ತಾರೆ. ಫ್ರೀಕೆ ಅಂತಾರೆ. ನಮ್ಮ ಉತ್ತರ ಕರ್ನಾಟಕದಲ್ಲಿ ಎಳೆ ಜೋಳದ ತೆನೆ ಸುಟ್ಟು ಮಾಡುವ ಸೀತನಿ ತಿಂದವರಿಗೆ ಆ ಹೊಗೆಯ ವಾಸನೆ ಹೇಗಿರುತ್ತೆ ಅಂತ ಬಿಡಿಸಿ ಹೇಳಬೇಕಾಗಿಲ್ಲ, ಅಲ್ವಾ? ಕಾಳನ್ನು ಒಣಗಿಸಿ, ನುಚ್ಚು ಮಾಡಿ ಇಟ್ಟರೆ ವರ್ಷವಿಡೀ ಸೂಪಿಗೆ ಆಗುತ್ತದೆ.

2023ರ ಅಕ್ಟೋಬರ್ 7ರಂದು ಹಮಾಸ್‌ನವರು ಬೇಲಿ ಒಡೆದು ಆಚೆ ನುಗ್ಗಿದಾಗ ಸುಮಾರು 1,200 ಜನ ಸತ್ತರು. ಖುಜಾಗೆ ಎದುರಾಗಿ ಆಚೆ ಇರುವ ನಿರ್ ಓಝ್ ಕೂಡ ಬೇಸಾಯದ ಊರೇ. ಸುಮಾರು 400 ಜನರ ಆ ಪುಟ್ಟ ಊರಲ್ಲಿ ನಾಲ್ವರಲ್ಲಿ ಒಬ್ಬರನ್ನು ಕೊಂದರು ಅಥವಾ ಹೊತ್ತೊಯ್ದರು. ಅದನ್ನು ಬಿಟ್ಟು ಖುಜಾ ಬಗ್ಗೆ ಮಾತ್ರ ಬರೆಯಲು ನನಗೆ ಮನಸ್ಸು ಬರಲಿಲ್ಲ. ಹಾಗಂತ 11,000 ಜನರ ಊರನ್ನೇ ಅಳಿಸಿ ಹಾಕಿದ್ದನ್ನು ಒಪ್ಪಿಕೊಳ್ಳುವುದಕ್ಕೂ ಆಗುವುದಿಲ್ಲ.

2025ರ ಮೇ ಒಂದೇ ತಿಂಗಳಲ್ಲಿ ಖುಜಾದಲ್ಲಿ 1,200 ಕಟ್ಟಡ ಕೆಡವಿದ್ದೇವೆ ಅಂತ ಇಸ್ರೇಲ್ ಸೇನೆಯೇ ಹೇಳಿತು. ಅವೆಲ್ಲ ಹಮಾಸ್ ಬಳಸುತ್ತಿದ್ದ ಜಾಗಗಳು ಅನ್ನೋದು ಅದರ ವಾದ. ಮೇ ಅಂದ್ರೆ ಗೋಧಿ ಕೊಯ್ಲಿನ ತಿಂಗಳು. ಗಾಜಾದ ಒಟ್ಟು ಬೇಸಾಯದ ಭೂಮಿಯಲ್ಲಿ ಹಾಳಾಗದೆ, ಹೋಗಿ ಉಳುವುದಕ್ಕೂ ಆಗುವಂತೆ ಉಳಿದಿದ್ದು ಬರೀ ಶೇ. 1.5 ಅಂತ ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆ ಅದೇ ವರ್ಷ ಆಗಸ್ಟ್‌ನಲ್ಲಿ ಲೆಕ್ಕ ಕೊಟ್ಟಿತು. ಆಗಸ್ಟ್ 22ಕ್ಕೆ ಗಾಜಾ ನಗರದ ಭಾಗದಲ್ಲಿ ಕ್ಷಾಮ ಬಂದಿದೆ ಅಂತ ಘೋಷಣೆಯಾಯಿತು. ಈ ಎರಡು ಸುದ್ದಿಯನ್ನು ಬೇರೆ ಬೇರೆಯಾಗಿ ಓದಬಾರದು ಅಂತ ನನಗೆ ಅನ್ನಿಸುತ್ತದೆ. ಟ್ರಕ್ಕಿನ ಹಿಟ್ಟಿಗೆ ಕೈಚಾಚಿ ನಿಂತವರಲ್ಲಿ ಎಷ್ಟು ಜನ ಎರಡು ವರ್ಷದ ಹಿಂದೆ ತಾವೇ ಗೋಧಿ ಬೆಳೆದಿದ್ದರೋ.

ಅಕ್ಟೋಬರ್ 10ಕ್ಕೆ ಕದನ ವಿರಾಮ ಬಂತು. ಸೇನೆ ಹಿಂದೆ ಸರಿದು ನಿಂತ ಜಾಗಕ್ಕೆ ಹಳದಿ ಗೆರೆ ಅಂತ ಹೆಸರಾಯಿತು. ಹಳದಿ ಬಣ್ಣ ಬಳಿದ ಕಾಂಕ್ರೀಟ್ ದಿಮ್ಮಿಗಳನ್ನು ನೆಟ್ಟರು. ಗಾಜಾದ ಅರ್ಧಕ್ಕಿಂತ ಜಾಸ್ತಿ ನೆಲ ಆ ಗೆರೆಯ ಆಚೆಗೇ, ಇಸ್ರೇಲ್ ಸೇನೆಯ ಹಿಡಿತದಲ್ಲೇ ಉಳಿಯಿತು. ಖುಜಾ ಕೂಡ ಅದರಲ್ಲೇ ಸೇರಿತು. ಅಲ್ಲಿ ನವೆಂಬರ್‌ನಲ್ಲಿ ಮೊದಲ ಮಳೆ ಬಿದ್ದ ಮೇಲೆ ಗೋಧಿ ಬಿತ್ತುತ್ತಿದ್ದರು. ಆ ವರ್ಷ ಮಳೆಗಾಲ ಬಂದಾಗ ಖುಜಾದವರು ಡೇರೆಗಳಲ್ಲಿದ್ದರು, ಹೊಲ ಗೆರೆಯ ಆಚೆ ಇತ್ತು.