ಹಳೇ ಬಾವುಟ ನೋಡಿದ್ದೇ ಅದನ್ನ ಇಳಿಸೋವಾಗ

ನಾನು ಮಿನೆಸೋಟಾಗೆ ಬಂದು ಹನ್ನೊಂದು ವರ್ಷ ಆಯ್ತು, ನಿಜ ಹೇಳ್ಬೇಕಂದ್ರೆ ಈ ರಾಜ್ಯಕ್ಕೆ ಅಂತ ಒಂದು ಬಾವುಟ ಇದೆ ಅನ್ನೋದೇ ನನ್ನ ತಲೆಗೆ ಹೋಗಿರ್ಲಿಲ್ಲ. ಡ್ರೈವಿಂಗ್ ಲೈಸೆನ್ಸ್ ಮಾಡ್ಸೋಕೆ ಹೋದಾಗ ಕಂಬದಲ್ಲಿ ಅಮೆರಿಕದ ಬಾವುಟದ ಕೆಳಗೆ ಏನೋ ಒಂದು ನೀಲಿ ಬಟ್ಟೆ ಸುತ್ಕೊಂಡು ನೇತಾಡ್ತಿತ್ತು, ಅಷ್ಟೇ. ಅಮೆರಿಕದ ಅರ್ಧಕ್ಕರ್ಧ ರಾಜ್ಯಗಳ ಬಾವುಟ ಹೀಗೇನೇ, ನೀಲಿ ಬಟ್ಟೆ ಮಧ್ಯೆ ಸರ್ಕಾರಿ ಮುದ್ರೆ, ದೂರದಿಂದ ನೋಡಿದ್ರೆ ಯಾವುದು ಯಾರದ್ದು ಅಂತ ಅವರಪ್ಪನಾಣೆಗೂ ಗೊತ್ತಾಗಲ್ಲ.

2023ರಲ್ಲಿ ಇಲ್ಲಿನ ವಿಧಾನಸಭೆ ಬಾವುಟಾನೂ ಮುದ್ರೇನೂ ಹೊಸದಾಗಿ ಮಾಡೋಕೆ ಒಂದು ಕಮಿಷನ್ ಮಾಡ್ತು. ಆಗ ಪೇಪರಲ್ಲಿ ಹಳೇ ಬಾವುಟದ ದೊಡ್ಡ ಫೋಟೋ ಬಂತು, ಕಾಫಿ ಕುಡೀತಾ ಮೊದಲನೇ ಸಲ ಅದನ್ನ ಸರಿಯಾಗಿ ನೋಡ್ದೆ. ಮುಂದೆ ಒಬ್ಬ ಬಿಳಿಯ ರೈತ ನೇಗಿಲು ಹೊಡೀತಿದಾನೆ, ಅವನ ಬಂದೂಕನ್ನ ಪಕ್ಕದ ಮರದ ಬೊಡ್ಡೆಗೆ ಒರಗಿಸಿದಾನೆ, ಹಿಂದೆ ಕುದುರೆ ಮೇಲೆ ಒಬ್ಬ ಮೂಲನಿವಾಸಿ ಹೋಗ್ತಿದಾನೆ. ಸಣ್ಣ ಚಿತ್ರ, ಆದ್ರೆ ಆ ಬಂದೂಕು ಕಣ್ಣಿಗೆ ಬಿದ್ಮೇಲೆ ಬೇರೆ ಏನೂ ಕಾಣ್ಸಲ್ಲ. ಇಲ್ಲಿಂದ ಒಂದೂವರೆ ಗಂಟೆ ದೂರದ ಮ್ಯಾಂಕೇಟೋ ಅನ್ನೋ ಊರಲ್ಲಿ 1862ರ ಡಿಸೆಂಬರ್ 26ಕ್ಕೆ ಡಕೋಟಾ ಅನ್ನೋ ಮೂಲನಿವಾಸಿ ಜನಾಂಗದ 38 ಜನ ಗಂಡಸರನ್ನ ಒಂದೇ ಸಲಕ್ಕೆ ಗಲ್ಲಿಗೆ ಹಾಕಿದ್ರು, ಆಮೇಲೆ ಉಳಿದವರನ್ನ ರಾಜ್ಯದಿಂದಾನೇ ಓಡಿಸಿದ್ರು. ಮಿನೆಸೋಟಾ ಅನ್ನೋ ಹೆಸರೇ ಡಕೋಟಾ ಭಾಷೇದು ನೋಡಿ, ಹೆಸರು ಮಾತ್ರ ಇಟ್ಕೊಂಡ್ರು.

ಸಾರ್ವಜನಿಕರೇ ಡಿಸೈನ್ ಕಳ್ಸಿ ಅಂದ್ರು, 2,000ಕ್ಕೂ ಮೇಲೆ ಬಂತು. ಒಬ್ರು ತಮ್ಮನೆ ನಾಯಿ ಫೋಟೋ ಕಳ್ಸಿದ್ರು, ಇನ್ನೊಬ್ರು ಇಲ್ಲಿನ ರಾಜ್ಯಪಕ್ಷಿ ಲೂನ್ ಇದ್ಯಲ್ಲ, ಅದರ ಕಣ್ಣಿಂದ ಲೇಸರ್ ಬಿಡ್ಸಿದ್ರು. ನನ್ನ ಮಗಳ ವೋಟು ಲೇಸರ್ ಲೂನ್‌ಗೇ ಇತ್ತು, ಇವತ್ತಿಗೂ ಅದೇ ಗೆಲ್ಬೇಕಿತ್ತು ಅಂತಾಳೆ. ಕೊನೆಗೆ ಆಯ್ಕೆ ಆಗಿದ್ದು ಲುವರ್ನ್ ಅನ್ನೋ ಊರಿನ ಆಂಡ್ರ್ಯೂ ಪ್ರೆಕರ್ ಅನ್ನೋ 24 ವರ್ಷದ ಹುಡುಗನದ್ದು. ಎಡಗಡೆ ರಾಜ್ಯದ ಆಕಾರ ಕಡುನೀಲೀಲಿ, ಅದರೊಳಗೆ ಬಿಳಿ ನಕ್ಷತ್ರ, ಬಲಗಡೆ ಬಿಳಿ, ಹಸಿರು, ತಿಳಿನೀಲಿ ಪಟ್ಟಿ.

ಶುರುವಾಯ್ತು ನೋಡಿ ಆಗ. ಇದು ಸೊಮಾಲಿಯಾ ಬಾವುಟ ಅಂತ. ನೆಟ್ಟಗೆ ಹೇಳ್ಬೇಕಂದ್ರೆ ಸೊಮಾಲಿಯಾ ಬಾವುಟದಲ್ಲಿ ಪಟ್ಟೀನೇ ಇಲ್ಲ, ಪೂರ್ತಿ ತಿಳಿನೀಲಿ, ಮಧ್ಯೆ ಐದು ಮೂಲೆ ಬಿಳಿ ನಕ್ಷತ್ರ, 1954ರಲ್ಲಿ ವಿಶ್ವಸಂಸ್ಥೆ ಬಾವುಟದ ಬಣ್ಣ ನೋಡಿ ಮಾಡಿದ್ದು. ಪಟ್ಟಿ ಇರೋದು ಪುಂಟ್‌ಲ್ಯಾಂಡ್ ಅನ್ನೋ ಅಲ್ಲಿನ ಒಂದು ಪ್ರಾಂತ್ಯದ ಬಾವುಟದಲ್ಲಿ, ಅದಕ್ಕೆ ಹೋಲ್ತಿತ್ತು ಅನ್ನೋದು ಸುಳ್ಳಲ್ಲ, ನಾನೂ ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿದೀನಿ. ಆದ್ರೆ ಹೋಲಿಕೆ ಅನ್ನೋದೇ ತಪ್ಪಾದ್ರೆ ಇಂಡೋನೇಷ್ಯಾದವರು ಮೊನಾಕೋದವರು ದಿನಾ ಹೊಡೆದಾಡ್ಬೇಕಿತ್ತು, ಚಾಡ್ ಮತ್ತೆ ರೊಮೇನಿಯಾದ ಬಾವುಟ ಅದಲುಬದಲು ಮಾಡಿದ್ರೆ ನಾನಂತೂ ಕಂಡುಹಿಡಿಯಲ್ಲ. ನಮ್ಮ ಆಫೀಸಿನ ಒಬ್ಬರು, ಮೀನು ಹಿಡಿಯೋದು ಬಿಟ್ರೆ ಇನ್ನೊಂದು ಮಾತಾಡದ ಮನುಷ್ಯ, ಅವತ್ತು ಲಂಚ್ ಟೇಬಲ್ಲಲ್ಲಿ 'ಅವರು ಬಂದು ನಮ್ಮ ಬಾವುಟಾನೂ ತಗೊಂಡ್ರು' ಅಂದ್ಬಿಟ್ರು. ಅಮೆರಿಕದಲ್ಲಿ ಸೊಮಾಲಿ ಜನ ಎಲ್ಲಕ್ಕಿಂತ ಜಾಸ್ತಿ ಇರೋದು ಇದೇ ರಾಜ್ಯದಲ್ಲಿ, ಅದು ಗೊತ್ತಿದ್ದೇ ಆ ಮಾತು ಬಂದಿದ್ದು. ಫ್ರಾನ್ಸ್ ಬಾವುಟ ತರ ಇದ್ದಿದ್ರೆ ಅವರು ಸ್ಯಾಂಡ್‌ವಿಚ್ ಕೆಳಗಿಡ್ತಾನೂ ಇರ್ಲಿಲ್ಲ.

ನಾನು ವೀಕೆಂಡ್ ಚಾ ಕುಡಿಯೋಕೆ ಹೋಗೋ ಸೊಮಾಲಿ ಅಂಗಡಿ ಒಂದಿದೆ, ಏಲಕ್ಕಿ ಶುಂಠಿ ಜಜ್ಜಿ ಹಾಕಿ ಹಾಲು ಕುದಿಸ್ತಾರೆ, ಜೊತೆಗೆ ಬಿಸಿಬಿಸಿ ಸಂಬೂಸ, ನಮ್ಮ ಸಮೋಸಾದ ದೊಡ್ಡಮ್ಮನ ಮಗ. ಅಂಗಡಿಯವರನ್ನ ಕೇಳ್ದೆ, ಏನಣ್ಣಾ ನಿಮ್ಮ ಬಾವುಟ ಅಂತೆ. ಅವರು ಗ್ಲಾಸ್ ತೊಳೀತಾನೇ 'ನಾನು ಪುಂಟ್‌ಲ್ಯಾಂಡಿನವನೇ ಅಲ್ವಲ್ಲ' ಅಂದ್ರು. ಆಮೇಲೆ ಸ್ವಲ್ಪ ಹೊತ್ತು ಬಿಟ್ಟು, ನಮ್ಮನ್ನ ಕೇಳಿದ್ದಿದ್ರೆ ಒಂಟೆ ಹಾಕಿ ಅಂತಿದ್ವಿ ಅಂತ ನಕ್ರು. ನಾನೂ ನಕ್ಕೆ, ಆದ್ರೆ ಅವರ ಕೈ ಅದೇ ಗ್ಲಾಸನ್ನ ಮೂರನೇ ಸಲ ತೊಳೀತಿತ್ತು.

ಕಮಿಷನ್ನು ಡಿಸೆಂಬರ್ 19ಕ್ಕೆ ಕೊನೇ ತೀರ್ಮಾನ ಮಾಡ್ತು, 11ಕ್ಕೆ 1 ವೋಟು. ಪಟ್ಟಿಗಳನ್ನೆಲ್ಲ ಕಿತ್ತಾಕಿ ಬಲಗಡೆ ಪೂರ್ತಿ ತಿಳಿನೀಲಿ, ನಕ್ಷತ್ರಕ್ಕೆ ಎಂಟು ಮೂಲೆ. ತಮಾಷೆ ಏನಂದ್ರೆ ಪುಂಟ್‌ಲ್ಯಾಂಡ್ ಹೋಲಿಕೆ ಹೋಯ್ತು, ತಿಳಿನೀಲಿ ಜೊತೆ ಬಿಳಿ ನಕ್ಷತ್ರ ಅಂದ್ರೆ ಸೊಮಾಲಿಯಾಗೇ ಇನ್ನೂ ಹತ್ರ ಬಂತು! 2024ರ ಮೇ 11ಕ್ಕೆ, ಅಂದ್ರೆ 1858ರಲ್ಲಿ ರಾಜ್ಯ ಆದ ದಿನಾನೇ, ಹಾರಿಸಿದ್ರು. ಜನರ ವೋಟಿಗೆ ಹಾಕ್ಬೇಕಿತ್ತು ಅಂತ ರಿಪಬ್ಲಿಕನ್ನರ ಗಲಾಟೆ, ಅದರಲ್ಲಿ ಒಂಚೂರು ನ್ಯಾಯ ಇದೆ ಅಂತ ನನಗೂ ಅನ್ಸುತ್ತೆ. ನಮ್ಮ ಮೀನಿನ ದೋಸ್ತ್ ಅದಾದ ವಾರಾನೇ ಪಿಕಪ್ ಟ್ರಕ್ಕಿಗೆ ಹಳೇ ಬಾವುಟದ ಸ್ಟಿಕರ್ ಅಂಟಿಸಿದ್ರು. ಅಷ್ಟು ವರ್ಷದಲ್ಲಿ ಅವರ ಟ್ರಕ್ಕಲ್ಲಿ ನಾನು ಅದನ್ನ ಒಂದಿನಾನೂ ನೋಡಿರ್ಲಿಲ್ಲ.

ನಗಬೇಡಿ, ನಮ್ಮದೂ ಕತೆ ಅಷ್ಟೇ. 2018ರ ಮಾರ್ಚಲ್ಲಿ ಸಿದ್ದರಾಮಯ್ಯ ಸರ್ಕಾರ ಹಳದಿ ಕೆಂಪು ಮಧ್ಯೆ ಬಿಳಿ ಪಟ್ಟಿ ಸೇರಿಸಿ ಗಂಡಭೇರುಂಡ ಕೂರಿಸಿದಾಗ ಇಲ್ಲಿ ನಾಲ್ಕು ಜನ ಕನ್ನಡದವರು ಸೇರಿದ ಕಡೆಯೆಲ್ಲ ಅದೇ ಜಗಳ, ನಾನೇ ಒಂದು ಬರ್ತ್‌ಡೇ ಪಾರ್ಟೀಲಿ ಮ. ರಾಮಮೂರ್ತಿ ಕೊಟ್ಟ ಬಾವುಟಾನ ಮುಟ್ಟೋಕೆ ಇವರ್ಯಾರು ಅಂತ ಕೂಗಾಡಿ ಹೆಂಡತಿ ಕೈಲಿ ಬೈಸ್ಕೊಂಡಿದೀನಿ. ಹಾಗಾಗಿ ಆ ಟ್ರಕ್ ಸ್ಟಿಕರ್ ನೋಡಿದ್ರೆ ಪೂರ್ತಿ ಕೋಪ ಮಾಡ್ಕೊಳ್ಳೋಕೂ ಆಗಲ್ಲ.

ಹೋದ ರಾಜ್ಯೋತ್ಸವಕ್ಕೆ ಒಂದು ಸ್ಕೂಲ್ ಹಾಲ್ ಬಾಡಿಗೆಗೆ ತಗೊಂಡಿದ್ವಿ. ಏಣಿ ಹತ್ತಿ ಅರಿಶಿನ ಕುಂಕುಮದ ಬಾವುಟ ಕಟ್ತಿದ್ದೆ, ಕೆಳಗೆ ನೆಲ ಒರೆಸ್ತಿದ್ದ ಅಜ್ಜ ತಲೆ ಎತ್ತಿ ನೋಡಿದ್ರು. ಇಲ್ಲಿನ ಯೂನಿವರ್ಸಿಟಿ ಫುಟ್‌ಬಾಲ್ ಟೀಮ್ ಗೋಫರ್ಸ್ ಬಣ್ಣ ಕೆಂಗಂದು ಮತ್ತೆ ಬಂಗಾರ. ಮುಖ ಅರಳಿಸ್ಕೊಂಡು ಹೆಬ್ಬೆರಳು ಎತ್ತಿ 'ಗೋ ಗೋಫರ್ಸ್!' ಅಂದ್ರು. ನಾನೂ ಏಣಿ ಮೇಲಿಂದಾನೇ ಹೆಬ್ಬೆರಳು ಎತ್ತಿದೆ.