ಟೊರೊಂಟೊದಲ್ಲಿ ಮುಚ್ಚಿದ ಮಳಿಗೆ

2023ರ ಮೇ ತಿಂಗಳಲ್ಲಿ ಮಂಗಳೂರಿನಿಂದ ಟೊರೊಂಟೊದ ಮಗಳ ಮನೆಗೆ ಹೋಗಿದ್ದಾಗ, ಈಟನ್ ಸೆಂಟರ್ ಎಂಬ ಮಾಲ್‌ನಲ್ಲಿ ಮುಚ್ಚಲಿದ್ದ ನಾರ್ಡ್‌ಸ್ಟ್ರಾಮ್ ಮಳಿಗೆಯಲ್ಲಿ ಉಡುಪು ತೊಡಿಸುವ ಬೊಂಬೆಗಳ ಕೊರಳಿಗೂ ಬೆಲೆಚೀಟಿ ಕಟ್ಟಿದ್ದನ್ನು ಕಂಡು ಮನಸ್ಸಿಗೆ ಕಸಿವಿಸಿಯಾಯಿತು.

2014ರಲ್ಲಿ ಕ್ಯಾಲ್ಗರಿಯ ಮೂಲಕ ಕೆನಡಾ ಪ್ರವೇಶಿಸಿದ ಈ ಅಮೆರಿಕನ್ ಸಂಸ್ಥೆ, ಅಲ್ಲಿ ಲಾಭದ ದಾರಿ ಕಾಣದೆ 2023ರ ಮಾರ್ಚ್‌ನಲ್ಲಿ ತನ್ನ 13 ಮಳಿಗೆಗಳನ್ನೂ ಮುಚ್ಚುವುದಾಗಿ ಘೋಷಿಸಿತು; ಸುಮಾರು 2,500 ಮಂದಿಯ ಕೆಲಸ ಹೋಯಿತು. ಈಟನ್ ಸೆಂಟರಿನ ಅದೇ ಜಾಗದಲ್ಲಿ ಹಿಂದೆ ಈಟನ್ಸ್, ಆಮೇಲೆ ಸಿಯರ್ಸ್ ಎಂಬ ಮಳಿಗೆಗಳು ಇದ್ದು ಹೋಗಿದ್ದವು. ಪ್ಯಾರಿಸ್ಸಿನ ಗ್ಯಾಲರೀಸ್ ಲಫಾಯೆತ್ ಎಂಬ ಮಳಿಗೆ ಸಂಸ್ಥೆ ಕೂಡ 1991ರಲ್ಲಿ ನ್ಯೂಯಾರ್ಕಿನಲ್ಲಿ ತೆರೆದ ಮಳಿಗೆಯನ್ನು 1994ರಲ್ಲಿ ಮುಚ್ಚಿತ್ತು.

ವಿಶಾಲ ಮಳಿಗೆಯ ಖರ್ಚು, ಡಾಲರ್ ವಿನಿಮಯದ ವ್ಯತ್ಯಾಸ, ಬೆರಳೆಣಿಕೆಯ ಅಂಗಡಿಗಳ ಮೇಲೆಯೇ ಬೀಳುವ ಆಡಳಿತದ ಹೊರೆ ಇವೆಲ್ಲವೂ ಭಾರವೇ. ಆದರೆ ಗಿರಾಕಿಯ ವಿಶ್ವಾಸವನ್ನು ಗಡಿಯಾಚೆಗೆ ಹೊತ್ತೊಯ್ಯಲಾಗದಿರುವುದೇ ಎಲ್ಲಕ್ಕಿಂತ ದೊಡ್ಡ ಕಾರಣವೆಂದು ನಾನು ನಂಬುತ್ತೇನೆ. ಹಂಪನಕಟ್ಟೆಯ ನಮ್ಮ ಸೀರೆ ಅಂಗಡಿಯವರು ಬಿಳಿ ಹಾಸಿನ ಮೇಲೆ ಸೆರಗು ಬಿಡಿಸುತ್ತ, "ಈ ಸಲ ಯಾರ ಮದುವೆ ಅಕ್ಕಾ?" ಎಂದು ಕೇಳುವುದರ ಹಿಂದೆ ಎರಡು ತಲೆಮಾರುಗಳ ಪರಿಚಯವಿದೆ. ನಾರ್ಡ್‌ಸ್ಟ್ರಾಮ್‌ಗೂ ತವರಿನಲ್ಲಿ ಇಂಥದೇ ಹೆಸರಿತ್ತು; ಕೆನಡಾದಲ್ಲಿ ಅದನ್ನು ಗಳಿಸಲು ಒಂಬತ್ತು ವರ್ಷ ಸಾಲಲಿಲ್ಲ.

ನಾನು ಹೊರಡುವಾಗ, ಅಲ್ಲಿನ ಹಿರಿಯ ಉದ್ಯೋಗಿಯೊಬ್ಬರು ಉಳಿದ ಕೋಟುಗಳ ಗುಂಡಿಗಳನ್ನು ಒಂದೊಂದಾಗಿ ಹಾಕಿ, ಅಚ್ಚುಕಟ್ಟಾಗಿ ನೇತುಹಾಕುತ್ತಿದ್ದರು.